ಕಂಪ್ಯೂಟರ್ ಸುಸ್ತಾದರೆ ಹಾಡು ಕೆಮ್ಮುತ್ತದೆ!

ಹಾಡು ಗೆದ್ದರೆ ಮೊದಲು ನಾಯಕ-ನಾಯಕಿಯರ ಫೋಟೋ ಅಚ್ಚಾಗುತ್ತದೆ. ಆಮೇಲೆ ಗಾಯಕರದು, ಸಂಗೀತ ನಿರ್ದೇಶಕರದು, ಸಾಹಿತಿಗಳದು. ಪುಟದಲ್ಲಿ ಜಾಗ ಉಳಿದರೆ ನೃತ್ಯ ನಿರ್ದೇಶಕರದೂ ಬರುತ್ತದೆ. ಆದರೆ ಇವರೆಲ್ಲರ ಶ್ರಮವನ್ನು ತಲೆಯ ಮೇಲೆ ಹೊತ್ತು ಥಿಯೇಟರಿನ ತನಕ ತರುವ ಒಬ್ಬ ಕೂಲಿಯಾಳಿದ್ದಾನೆ. ಅವನ ಫೋಟೋ ಯಾವ ಪತ್ರಿಕೆಯಲ್ಲೂ ಬಂದದ್ದು ನಾನು ಕಂಡಿಲ್ಲ. ಸ್ಟುಡಿಯೋದ ಮೂಲೆಯಲ್ಲಿ, ಮೇಜಿನ ಕೆಳಗೆ, ಪುಟ್ಟ ಫ್ಯಾನ್ ಹಾಕಿಕೊಂಡು ಕೂತಿರುತ್ತಾನೆ. ಅವನೇ ಕಂಪ್ಯೂಟರಿನೊಳಗಿನ ಪ್ರೊಸೆಸರ್!

ಈ ಬಡಪಾಯಿಯ ಮೇಲೆ ಹೊರೆ ಹೆಚ್ಚಾದರೆ ಏನಾಗುತ್ತದೆ ಗೊತ್ತೇ? ಹಾಡು ಕೆಮ್ಮುತ್ತದೆ! ಪಲ್ಲವಿಯ ನಡುವೆ 'ಚಟ್... ಚಟ್' ಅನ್ನುತ್ತದೆ. ಚರಣಕ್ಕೆ ಬರುವ ಹೊತ್ತಿಗೆ ನಿಂತೇ ಹೋಗುತ್ತದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬೀಳುತ್ತದೆ. 'ಇನ್ನು ನನ್ನ ಕೈಲಿ ಆಗೋದಿಲ್ಲಪ್ಪಾ' ಅಂತ ಅದರ ಅರ್ಥ. ಗಾಯಕಿ ಗಾಜಿನ ಆಚೆಯಿಂದ ನಮ್ಮ ಮುಖ ನೋಡುತ್ತಾರೆ. ನಿರ್ಮಾಪಕರು ಗಡಿಯಾರ ನೋಡುತ್ತಾರೆ. ನಾವು ಸೂರು ನೋಡುತ್ತೇವೆ!

ಗಾಂಧಿನಗರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಪುಟ್ಟ ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಗಿ ಹಾಡುಗಳ ಮಿಕ್ಸಿಂಗ್ ಮಾಡಿಕೊಂಡು ಬಂದವನು ನಾನು. ಈ ಕೂಲಿಯಾಳಿನ ಕಷ್ಟಸುಖ ನನಗೆ ಚೆನ್ನಾಗಿ ಗೊತ್ತು. ಅವನ ಪರವಾಗಿ ನಾಲ್ಕು ಮಾತು ಆಡುವುದಕ್ಕೇ ಈ ಬರಹ.

ಪೆಟ್ಟಿಗೆಗಳು ಮಾಯವಾದ ಕಥೆ

ಕನ್ನಡ ಚಿತ್ರಗಳ ಹಾಡುಗಳು ಮದರಾಸಿನಲ್ಲಿ ಮುದ್ರಣವಾಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಪಿಟೀಲು, ಕೊಳಲು, ತಬಲಾ, ಗಾಯಕ, ಗಾಯಕಿ ಎಲ್ಲರೂ ಒಂದೇ ಹೊತ್ತಿಗೆ ಸೇರಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ! 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದ ಮೇಲೆ ಮದರಾಸಿನ ರೈಲು ಹತ್ತುವ ಕಷ್ಟ ಕೆಲವರಿಗಾದರೂ ತಪ್ಪಿತು. ಆಗೆಲ್ಲ ಸ್ಟುಡಿಯೋ ಎಂದರೆ ಕಬ್ಬಿಣದ ಪೆಟ್ಟಿಗೆಗಳ ಸಾಲು. ದನಿಯ ಏರಿಳಿತ ಹದ ಮಾಡುವ ಕಂಪ್ರೆಸರ್ ಒಂದು ಪೆಟ್ಟಿಗೆ. ದನಿಯ ದಪ್ಪ-ತೆಳು ತಿದ್ದುವ ಈಕ್ವಲೈಸರ್ ಇನ್ನೊಂದು. ದೇವಸ್ಥಾನದ ಪ್ರಾಕಾರದಲ್ಲಿ ಹಾಡಿದಂಥ ಗುಂಗು ಕೊಡುವ ರಿವರ್ಬ್ ಮತ್ತೊಂದು.

1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಎಂಬ ಪದ್ಧತಿಯನ್ನು ಹೊರತಂದಿತು. ಆ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ಸಾಫ್ಟ್‌ವೇರಿನ ರೂಪದಲ್ಲಿ ಕಂಪ್ಯೂಟರಿನೊಳಗೆ ಹೊಕ್ಕವು. ಅವೇ ಈಗಿನ ಪ್ಲಗಿನ್‌ಗಳು. ಮೊದಲು ಒಂದು ಪೆಟ್ಟಿಗೆ ಕೊಂಡರೆ ಒಂದು ಟ್ರ್ಯಾಕಿಗೆ ಮಾತ್ರ. ಈಗ ಒಂದು ಪ್ಲಗಿನ್ ಕೊಂಡರೆ ನೂರು ಟ್ರ್ಯಾಕಿಗೂ ಹಾಕಬಹುದು. ಹಾಕಬಹುದು ಅಂತ ಎಲ್ಲರೂ ಹಾಕಿದ್ದೇ ಇಂದಿನ ತಾಪತ್ರಯ!

ಸಿನಿಮಾ ಶಬ್ದವನ್ನು ಕಂಪ್ಯೂಟರು ಸೆಕೆಂಡಿಗೆ 48,000 ತುಣುಕು ಮಾಡಿಕೊಳ್ಳುತ್ತದೆ. ಒಂದೊಂದು ತುಣುಕಿಗೂ ಒಂದೊಂದು ಪ್ಲಗಿನ್ ತನ್ನ ಲೆಕ್ಕ ಮಾಡಬೇಕು. ಲೆಕ್ಕ ಹೊತ್ತಿಗೆ ಸರಿಯಾಗಿ ಮುಗಿಯಲಿಲ್ಲವೋ, ಸ್ಪೀಕರಿಗೆ ಕಳಿಸಲು ಏನೂ ಇರುವುದಿಲ್ಲ. ಆ ಖಾಲಿ ಜಾಗವೇ ನಮಗೆ ಕೇಳುವ 'ಚಟ್'.

ಇಡ್ಲಿ ತಟ್ಟೆಯ ಲೆಕ್ಕ

ಬಸ್ ನಿಲ್ದಾಣದ ಹೋಟೆಲಿನ ಭಟ್ಟರನ್ನು ನೆನೆದುಕೊಳ್ಳಿ. ಅವರು ಒಂದೊಂದೇ ಇಡ್ಲಿ ಬೇಯಿಸುವುದಿಲ್ಲ, ತಟ್ಟೆ ತಟ್ಟೆಯಾಗಿ ಇಳಿಸುತ್ತಾರೆ. ತಟ್ಟೆ ದೊಡ್ಡದಾದರೆ ಭಟ್ಟರಿಗೆ ಆರಾಮ, ಗಿರಾಕಿ ಕಾಯಬೇಕು. ತಟ್ಟೆ ಚಿಕ್ಕದಾದರೆ ಗಿರಾಕಿಗೆ ಬೇಗ ಸಿಗುತ್ತದೆ, ಭಟ್ಟರಿಗೆ ಬೆವರೊರೆಸಿಕೊಳ್ಳಲೂ ಬಿಡುವಿಲ್ಲ. ಕಂಪ್ಯೂಟರಿನಲ್ಲಿ ಈ ತಟ್ಟೆಗೆ ಬಫರ್ ಎಂದು ಹೆಸರು.

ಬಫರನ್ನು 128ಕ್ಕೆ ಇಟ್ಟರೆ ಪ್ರೊಸೆಸರ್‌ಗೆ ಸಿಗುವ ಗಡುವು ಬರೀ 2.7 ಮಿಲಿ ಸೆಕೆಂಡು. 1024ಕ್ಕೆ ಇಟ್ಟರೆ 21 ಮಿಲಿ ಸೆಕೆಂಡು. ಹಾಗಾದರೆ ಯಾವಾಗಲೂ 1024 ಇಟ್ಟರಾಯಿತಲ್ಲ ಅಂತೀರಾ? ಗಾಯಕಿ ಹಾಡುವಾಗ ಹಾಗೆ ಇಟ್ಟರೆ ಅವರ ದನಿ ಅವರ ಹೆಡ್‌ಫೋನಿಗೇ ತಡವಾಗಿ ಬರುತ್ತದೆ. ತಾಳ ಎಳೆದಾಡುತ್ತದೆ. ಆದ್ದರಿಂದ ಹಾಡಿಸುವಾಗ ಚಿಕ್ಕ ತಟ್ಟೆ, ಹಾಡಿಸಿ ಮುಗಿಸಿ ಮಿಕ್ಸಿಂಗಿಗೆ ಕೂತಾಗ ದೊಡ್ಡ ತಟ್ಟೆ. ಇಷ್ಟು ತಿಳಿದರೆ ಅರ್ಧ ರೋಗ ವಾಸಿ.

ಅವ್ವನ ಬಂಗಾರದ ಬಳೆ

ಉಳಿದರ್ಧದ ಕಥೆ ಹೇಳುತ್ತೇನೆ ಕೇಳಿ. ಎರಡು ವರ್ಷದ ಹಿಂದೆ ರಾಣೆಬೆನ್ನೂರು ಕಡೆಯ ಒಬ್ಬ ಹುಡುಗ ನನ್ನ ಸ್ಟುಡಿಯೋಗೆ ಬಂದ. ಬಗಲಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಸಣ್ಣ ಬಜೆಟ್ಟಿನ ಚಿತ್ರಕ್ಕೆ ಮೊದಲ ಸಲ ಸಂಗೀತ ಮಾಡುತ್ತಿದ್ದ. ಹತ್ತು ದಿನದಲ್ಲಿ ಹಾಡುಗಳನ್ನು ಒಪ್ಪಿಸಬೇಕಿತ್ತು.

"ಸರ್, ಇದು ಲೋಡ್ ತಡಿಯಂಗಿಲ್ರೀ. ಹೊಸಾದು ತಗೊಳ್ಳಾಕ ಬೇಕು. ಅವ್ವನ ಬಂಗಾರದ ಬಳಿ ಅಡಾ ಇಡೂಣಂತ ಮಾಡೇನಿ. ಯಾವ ಕಂಪ್ಯೂಟರ್ ತಗೊಳ್ಳಿ ಹೇಳ್ರೀ" ಅಂದ.

"ಬಳೆ ಅಲ್ಲೇ ಇರಲಿ ತಮ್ಮಾ. ಮೊದಲು ಹಾಡು ತೆಗಿ" ಅಂದೆ.

ತೆಗೆದ. ಹಾಡಿನ ಮಾತು ಆಮೇಲೆ, ಮೊದಲು ಕೇಳಿಸಿದ್ದು ಲ್ಯಾಪ್‌ಟಾಪಿನ ಫ್ಯಾನು! ಪ್ರೊಸೆಸರ್ ಮೀಟರು ಕೆಂಪು ಮುಟ್ಟಿ ನಿಂತಿತ್ತು. ನಾನು ಒಂದೊಂದೇ ಪ್ಲಗಿನ್ ಆರಿಸುತ್ತಾ ಮೀಟರಿನ ಮೇಲೆ ಕಣ್ಣಿಟ್ಟೆ. ಯಾವುದನ್ನು ಆರಿಸಿದಾಗ ಮುಳ್ಳು ದಡಕ್ಕನೆ ಇಳಿಯುತ್ತದೋ ಅದೇ ಹೊಟ್ಟೆಬಾಕ. ಕಳ್ಳನನ್ನು ಹಿಡಿಯಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಸಿಕ್ಕಿಬಿದ್ದ ಮೊದಲ ಕಳ್ಳ ರಿವರ್ಬ್. ಇಪ್ಪತ್ತೆರಡು ಟ್ರ್ಯಾಕು, ಇಪ್ಪತ್ತೆರಡಕ್ಕೂ ಬೇರೆ ಬೇರೆ ರಿವರ್ಬ್! ಅದೂ ಕಾನ್ವಲ್ಯೂಷನ್ ಜಾತಿಯದು. ನಿಜವಾದ ಸಭಾಂಗಣದ ಗುಂಗನ್ನು ಮುದ್ರಿಸಿಕೊಂಡು ಹಾಡಿನ ಪ್ರತಿ ತುಣುಕಿಗೂ ಅದನ್ನು ಗುಣಿಸುವ ಭಾರಿ ಲೆಕ್ಕ ಅದರದು. ಮದುವೆಗೆ ಬಂದ ಒಬ್ಬೊಬ್ಬ ನೆಂಟನಿಗೂ ಒಂದೊಂದು ಕಲ್ಯಾಣ ಮಂಟಪ ಕಟ್ಟಿಸಿದ ಹಾಗೆ! ನಾವು ಒಂದೇ ಮಂಟಪ ಉಳಿಸಿಕೊಂಡೆವು. ಒಂದು ಪ್ರತ್ಯೇಕ ಚಾನೆಲ್ಲಿನಲ್ಲಿ ಒಂದು ರಿವರ್ಬ್ ಇಟ್ಟು, ಎಲ್ಲ ಟ್ರ್ಯಾಕುಗಳಿಂದಲೂ ಬೇಕಾದಷ್ಟು ದನಿ ಅಲ್ಲಿಗೆ ಕಳಿಸಿದೆವು. ಮೀಟರು ಇಳಿದದ್ದು ಸರಿ, ಹಾಡೂ ಸುಧಾರಿಸಿತು. ಎಲ್ಲರೂ ಒಂದೇ ಸಭಾಂಗಣದಲ್ಲಿ ಕೂತು ನುಡಿಸಿದ ಹಾಗೆ ಕೇಳಿಸತೊಡಗಿತು.

ಎರಡನೆಯದು ಮಾಸ್ಟರ್ ಚಾನೆಲ್. ಅದರ ಮೇಲೆ ಸಾಲಾಗಿ ಏಳು ಪ್ಲಗಿನ್. "ಸರ್, ಇದರಾಗ ಎಂಟು ಕೋರ್ ಅದಾವ್ರೀ, ಆದ್ರೂ ಯಾಕ ಚಟ್ ಅಂತೈತಿ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಮನೆ ಕಟ್ಟಲು ಎಂಟು ಜನ ಬಂದರೆಂದು ಒಂದೇ ಗೋಡೆಯ ಕೆಲಸ ಎಂಟು ಪಾಲಾಗುತ್ತದೆಯೇ? ಇಟ್ಟಿಗೆ ಏರದೆ ಗಾರೆಯಿಲ್ಲ, ಗಾರೆಯಾಗದೆ ಸುಣ್ಣವಿಲ್ಲ. ಬೇರೆ ಬೇರೆ ಟ್ರ್ಯಾಕುಗಳನ್ನು ಬೇರೆ ಬೇರೆ ಕೋರುಗಳಿಗೆ ಹಂಚಬಹುದು. ಆದರೆ ಒಂದೇ ಚಾನೆಲ್ಲಿನ ಮೇಲೆ ಒಂದರ ಹಿಂದೊಂದು ಕೂತ ಪ್ಲಗಿನ್‌ಗಳು ಸರದಿಯಲ್ಲೇ ಕೆಲಸ ಮಾಡಬೇಕು. ಅದಕ್ಕೇ ಒಟ್ಟು ಲೆಕ್ಕದಲ್ಲಿ ಕಂಪ್ಯೂಟರು ಅರ್ಧ ಖಾಲಿ ಇದ್ದರೂ ಒಂದು ಕೋರು ಉಸಿರುಕಟ್ಟಿ ಹಾಡನ್ನು ನಿಲ್ಲಿಸಿಬಿಡುತ್ತದೆ. ಮಾಸ್ಟರಿನ ಮೇಲಿನ ಅಲಂಕಾರವೆಲ್ಲ ಕೊನೆಯ ದಿನಕ್ಕೆ ಇರಲಿ ಅಂತ ಏಳನ್ನೂ ತೆಗೆಸಿದೆ.

ಆಮೇಲೆ ಚಿಲ್ಲರೆ ಕಳ್ಳರು. ಒಂದು ಸಿಂಥಸೈಜರು ಏಕಕಾಲಕ್ಕೆ 64 ಸ್ವರ ನುಡಿಸಲು ಸಜ್ಜಾಗಿತ್ತು, ಅದರ ಕೆಲಸಕ್ಕೆ 8 ಧಾರಾಳ. ಎರಡು ಪ್ಲಗಿನ್‌ಗಳಲ್ಲಿ ಓವರ್‌ಸ್ಯಾಂಪ್ಲಿಂಗ್ ಎಂಬ ಗುಂಡಿ ಒತ್ತಿತ್ತು. ಹೆಚ್ಚಿನ ನಯಕ್ಕಾಗಿ ಒಂದು ಲೆಕ್ಕವನ್ನು ನಾಲ್ಕು ಪಟ್ಟು, ಎಂಟು ಪಟ್ಟು ಮಾಡಿಸುವ ಗುಂಡಿ ಅದು. ಹಾಡು ಕಟ್ಟುವಾಗ ಅದು ಬೇಡ, ಕೊನೆಯ ಪ್ರತಿ ತೆಗೆಯುವಾಗ ಒತ್ತಿದರೆ ಸಾಕು. ಇನ್ನು ಕೆಲವು ಪ್ಲಗಿನ್‌ಗಳನ್ನು ಬೈಪಾಸ್ ಮಾಡಿಟ್ಟಿದ್ದ. ಬೈಪಾಸ್ ಅಂದರೆ ಎಲ್ಲ ಸಾಫ್ಟ್‌ವೇರಿನಲ್ಲೂ ನಿದ್ದೆ ಅಲ್ಲ, ಕೆಲವು ಕಡೆ ಅದು ಬರೀ ಮೌನವ್ರತ. ಬಾಯಿ ಮುಚ್ಚಿದ್ದರೂ ಊಟ ಮಾಡುತ್ತಲೇ ಇರುತ್ತದೆ! ಪ್ರೊ ಟೂಲ್ಸ್‌ನಲ್ಲಿ ಇನ್‌ಆ್ಯಕ್ಟಿವ್ ಮಾಡಿದರೆ ಮಾತ್ರ ಅದರ ಊಟ ನಿಲ್ಲುವುದು.

ನಾಲ್ಕೇ ಟ್ರ್ಯಾಕಿನ ಮಹಾಶಯರು

ಕೊನೆಗೆ ಫ್ರೀಜ್ ಮಾಡು ಅಂದೆ. ಹುಡುಗ ಹಿಂದೆಮುಂದೆ ನೋಡಿದ. ಫ್ರೀಜ್ ಎಂದರೆ ಒಂದು ಟ್ರ್ಯಾಕಿನ ಮೇಲಿನ ವಾದ್ಯ, ಪ್ಲಗಿನ್ ಎಲ್ಲವನ್ನೂ ಸೇರಿಸಿ ಒಂದು ಸಾದಾ ಆಡಿಯೋ ಫೈಲ್ ಮಾಡಿಬಿಡುವುದು. ಆಮೇಲೆ ಪ್ರೊಸೆಸರ್ ಲೆಕ್ಕ ಮಾಡುವುದಿಲ್ಲ, ಕ್ಯಾಸೆಟ್ ಹಾಕಿದ ಹಾಗೆ ಸುಮ್ಮನೆ ನುಡಿಸುತ್ತದೆ.

"ನಾಳೆ ಡೈರೆಕ್ಟರ್ ಬದಲಿ ಮಾಡು ಅಂದ್ರ?"

"ಆಗ ಬಿಚ್ಚು. ಅನ್‌ಫ್ರೀಜ್ ಅಂತ ಗುಂಡಿ ಇದೆ. ಇವತ್ತು ಈ ತಂತಿವಾದ್ಯ ನಿನಗೆ ಸರಿ ಅನ್ನಿಸಿದೆಯೋ ಇಲ್ಲವೋ? ಅದು ಹೇಳು."

"ಸರಿ ಐತ್ರೀ..."

"ಹಾಗಾದರೆ ಕಟ್ಟಿ ಮೂಲೆಗಿಡು. ಮುಂದಿನ ಕೆಲಸ ನೋಡು."

ಅವನಿಗೆ ಬೀಟಲ್ಸ್ ಕಥೆ ಹೇಳಿದೆ. 1967ರಲ್ಲಿ ಹೊರಬಂದ ಅವರ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ ಮುದ್ರಣವಾದದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳಲ್ಲಿ. ನಾಲ್ಕೂ ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಮತ್ತೆ ಹಾಡುತ್ತಿದ್ದರು, ನುಡಿಸುತ್ತಿದ್ದರು. ಒಮ್ಮೆ ಬೆರೆಸಿದ ಡೋಲನ್ನು ಆ ಮಿಶ್ರಣದಿಂದ ಬಿಡಿಸಿ ತೆಗೆಯುವಂತಿರಲಿಲ್ಲ. ಇದು ಹೀಗೇ ಇರಲಿ ಎಂದು ಅಂದೇ, ಅಲ್ಲೇ ತೀರ್ಮಾನಿಸಬೇಕಿತ್ತು. ನಮ್ಮ ಫ್ರೀಜ್ ಅದೇ ಕೆಲಸದ ಮರಿ, ಬೇಕಾದಾಗ ಬಿಚ್ಚಬಹುದು ಅನ್ನುವುದೊಂದೇ ಹೆಚ್ಚಿನ ಸುಖ.

ಇಷ್ಟು ವರ್ಷ ಮೇಜಿನ ಮುಂದೆ ಕೂತು ನಾನು ಕಂಡದ್ದು ಇದೇ. ಪ್ರೊಸೆಸರ್‌ನ ಬೆನ್ನು ಮುರಿಯುವುದು ಬರೀ ಪ್ಲಗಿನ್ ಅಲ್ಲ, ನಾಳೆ ನೋಡೋಣ ಎಂದು ನಾವು ಮುಂದಕ್ಕೆ ಹಾಕಿದ ತೀರ್ಮಾನಗಳು. ಕೊಳಲಿಗೆ ಮೂರು ಬಗೆಯ ಈಕ್ವಲೈಸರ್ ಹಾಕಿ ಮೂರನ್ನೂ ಉಳಿಸಿಕೊಂಡರೆ ಭಾರ ಹೊರುವವನು ಅವನು.

ಸಂಜೆಯ ಹೊತ್ತಿಗೆ ಹುಡುಗನ ಮೀಟರು ಅರ್ಧಕ್ಕಿಂತ ಕೆಳಗಿತ್ತು. ಲ್ಯಾಪ್‌ಟಾಪ್ ರಿಪೇರಿಯವರ ಹತ್ತಿರ ಫ್ಯಾನಿನ ಧೂಳು ತೆಗೆಸಿದ. ಧೂಳು ಕೂತು ಬಿಸಿಯಾದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಕೆಲಸ ಮಾಡುವಾಗ ಚಾರ್ಜರ್ ಹಾಕಿಯೇ ಇಡು ಅಂತಲೂ ಹೇಳಿದೆ, ಬ್ಯಾಟರಿ ಉಳಿಸುವ ನೆಪದಲ್ಲೂ ಅದು ನಿಧಾನವಾಗುತ್ತದೆ. ಅವನ ಫೈಲು 96,000ದಲ್ಲಿತ್ತು, ಅಂದರೆ ಸೆಕೆಂಡಿಗೆ ಎರಡು ಪಟ್ಟು ಲೆಕ್ಕ. ಮುಂದಿನ ಹಾಡನ್ನು 48,000ದಲ್ಲೇ ಶುರು ಮಾಡು ಅಂದೆ. ಹತ್ತು ದಿನದೊಳಗೆ ಹಾಡುಗಳನ್ನು ಒಪ್ಪಿಸಿದ. ಅವ್ವನ ಬಳೆ ಅವ್ವನ ಕೈಯಲ್ಲೇ ಉಳಿಯಿತು.

ಹೊಸ ಕಂಪ್ಯೂಟರೇ ಬೇಡ ಎಂಬುದು ನನ್ನ ವಾದವಲ್ಲ. ಇಡೀ ವಾದ್ಯವೃಂದವನ್ನೇ ಸ್ಯಾಂಪಲ್ ಲೈಬ್ರರಿಯಿಂದ ನುಡಿಸುವವರಿಗೆ ಮೆಮೊರಿ ಹೆಚ್ಚು ಬೇಕು, ವೇಗದ ಡಿಸ್ಕೂ ಬೇಕು. ಆ ಭಾರ ಬೇರೆ, ಈ ಭಾರ ಬೇರೆ. ಯಾವುದು ಕಡಿಮೆಯಾಗಿದೆ ಎಂದು ತಿಳಿದ ಮೇಲೆ ಅಂಗಡಿಗೆ ಹೋಗಿ.

ಮೂರನೆಯ ಸಲ ಹಾಡಿದ ಸೋಬಾನೆ

ಇಷ್ಟೆಲ್ಲ ಲೆಕ್ಕ ಯಾಕೆ ಸ್ವಾಮಿ ಅಂತ ಕೇಳಬಹುದು. ಒಂದು ಘಟನೆ ಹೇಳಿ ಮುಗಿಸುತ್ತೇನೆ. ಬೇರೊಂದು ಸ್ಟುಡಿಯೋ, ಹೆಸರು ಬೇಡ. ಮದುವೆ ದೃಶ್ಯಕ್ಕೆ ಸೋಬಾನೆ ಪದ ಹಾಡಲು ಮಂಡ್ಯ ಕಡೆಯಿಂದ ಒಬ್ಬ ಅಜ್ಜಿಯನ್ನು ಕರೆಸಿದ್ದರು. ನಾನು ಕೇಳುಗನಾಗಿ ಹಿಂದೆ ಕೂತಿದ್ದೆ. ಅಜ್ಜಿ ಮೊದಲ ಸಲ ಹೆದರಿ ಹಾಡಿದರು. ಎರಡನೆಯ ಸಲ ಮೈಕಿಗೆ ಹೊಂದಿಕೊಂಡರು. ಮೂರನೆಯ ಸಲ ಕಣ್ಣು ಮುಚ್ಚಿದರು ನೋಡಿ... ಯಾವ ಮಗಳನ್ನು ಕಳಿಸಿಕೊಟ್ಟದ್ದು ನೆನಪಾಯಿತೋ, ದನಿ ಒಂದು ಕಡೆ ಸಣ್ಣಗೆ ಒಡೆದು ಮತ್ತೆ ಕೂಡಿಕೊಂಡಿತು. ಕೋಣೆಯಲ್ಲಿದ್ದವರೆಲ್ಲ ಸ್ತಬ್ಧ.

ಅಷ್ಟರಲ್ಲಿ ಕಂಪ್ಯೂಟರು ನಿಂತುಹೋಯಿತು! ಹಿಂದಿನ ವಾದ್ಯದ ಟ್ರ್ಯಾಕುಗಳು, ಅವುಗಳ ಪ್ಲಗಿನ್‌ಗಳು ಎಲ್ಲವೂ ತೆರೆದೇ ಇದ್ದವು. ಮುದ್ರಣವಾದಷ್ಟರಲ್ಲೂ ನಡುನಡುವೆ ತುಣುಕುಗಳು ಬಿಟ್ಟುಹೋಗಿದ್ದವು. "ಇನ್ನೊಂದು ಸಲ ಹಾಡಿ ಅಜ್ಜಿ" ಅಂದರು. ಅಜ್ಜಿ ಪಾಪ, ಇನ್ನೂ ನಾಲ್ಕು ಸಲ ಹಾಡಿದರು. ಪದ ಬಂತು, ರಾಗ ಬಂತು. ಆ ಒಡೆದು ಕೂಡಿದ ದನಿ ಮಾತ್ರ ಬರಲಿಲ್ಲ.

ಅಂದಿನಿಂದ ನಮ್ಮ ಸ್ಟುಡಿಯೋದಲ್ಲಿ ಒಂದು ಕಟ್ಟಳೆ. ಹಾಡುವವರು ಬರುವ ಮೊದಲೇ ಇಡೀ ಹಿನ್ನೆಲೆ ವಾದ್ಯವನ್ನು ಬೆರೆಸಿ ಒಂದೇ ಸ್ಟೀರಿಯೋ ಫೈಲ್ ಮಾಡಿಕೊಳ್ಳುತ್ತೇವೆ. ಹೊಸ ಫೈಲ್ ತೆರೆದು ಅದನ್ನೂ ಒಂದು ಮೈಕಿನ ಟ್ರ್ಯಾಕನ್ನೂ ಇಟ್ಟುಕೊಳ್ಳುತ್ತೇವೆ, ಅಷ್ಟೇ. ಪ್ರೊಸೆಸರ್ ಆರಾಮಾಗಿ ಕೂತಿರುತ್ತದೆ. ಬಫರು ಚಿಕ್ಕದಿದ್ದರೂ ಕೆಮ್ಮುವುದಿಲ್ಲ. ಗಾಯಕರು ಹೋದ ಮೇಲೆ ಅವರ ದನಿಯನ್ನು ದೊಡ್ಡ ಫೈಲಿಗೆ ಸೇರಿಸಿಕೊಂಡರಾಯಿತು. ಇದಕ್ಕೆ ಹತ್ತು ನಿಮಿಷ ಸಾಕು. ಮನೆಯಲ್ಲೇ ಹಾಡು ಮುದ್ರಿಸುವ ತಮ್ಮಂದಿರೇ, ತಂಗಿಯರೇ, ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ. ನಿಮ್ಮೂರಲ್ಲೂ ಒಬ್ಬ ಅಜ್ಜಿ ಇರುತ್ತಾರಲ್ಲವೇ?