ಕೆರೆಯ ನೀರು, ಕಾಯ್ದೆಯ ಪಾಠ

ಮಗ ವಕೀಲನಾಗಲಿ ಎನ್ನುವ ಕರೋಶಿಯ ಪಾಲಕರ ಕಣ್ಣ ಮುಂದೆ ಬರುವುದು ಚಿಕ್ಕೋಡಿ ಕೋರ್ಟಿನ ಕರಿ ಕೋಟು. ಕಾಯ್ದೆ ಓದಿದವನು ಅದನ್ನು ಕಲಿಸಲೂಬಹುದು ಎಂಬುದು ನೆನಪಾಗುವುದು ಕಡಿಮೆ. 1925ರಲ್ಲಿ ನಮ್ಮ ನಿಪ್ಪಾಣಿಗೆ ಅಸ್ಪೃಶ್ಯರ ಪ್ರಾಂತೀಯ ಪರಿಷತ್ತಿಗಾಗಿ ಬಂದಿದ್ದ ಡಾ. ಬಿ. ಆರ್. ಅಂಬೇಡ್ಕರರು ಎರಡನ್ನೂ ಮಾಡಿದವರು. ಆಗ ಈ ಭಾಗವೆಲ್ಲ ಮುಂಬಯಿ ಪ್ರಾಂತ್ಯದಲ್ಲಿತ್ತು.

ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಮರಳಿ 1923ರಲ್ಲಿ ವಕೀಲಿ ಆರಂಭಿಸಿದರು. ಪದವಿಗಳಿಗೇನೂ ಕೊರತೆಯಿರಲಿಲ್ಲ. ಆದರೆ ಹೈಕೋರ್ಟಿನಲ್ಲಿ ಕೇಸು ಸಿಗಲು ಸಾಲಿಸಿಟರುಗಳ ಕೃಪೆ ಬೇಕು. ಅದು ಅಸ್ಪೃಶ್ಯ ವಕೀಲನತ್ತ ಸುಲಭವಾಗಿ ಹರಿಯಲಿಲ್ಲ. 1925ರಿಂದ ಲೆಕ್ಕಪತ್ರ ತರಬೇತಿ ಸಂಸ್ಥೆಯೊಂದರಲ್ಲಿ ವ್ಯಾಪಾರ ಕಾಯ್ದೆ ಕಲಿಸಿ ಸಂಸಾರ ತೂಗಿಸಿದರು. 1926ರಲ್ಲಿ ಮಾನಹಾನಿ ಮೊಕದ್ದಮೆಯೊಂದರಲ್ಲಿ ಮೂವರು ಬ್ರಾಹ್ಮಣೇತರ ಮುಖಂಡರನ್ನು ಗೆಲ್ಲಿಸಿದಾಗ ಹೆಸರಾಯಿತು. 1928ರಲ್ಲಿ ಮುಂಬಯಿಯ ಸರ್ಕಾರಿ ಲಾ ಕಾಲೇಜಿನಲ್ಲಿ ಪಾಠ. 1935ರಲ್ಲಿ ಅಲ್ಲಿಯೇ ಪ್ರಿನ್ಸಿಪಾಲ್ ಹುದ್ದೆ.

ಸ್ವಾರಸ್ಯವಿರುವುದು ಇಲ್ಲಿ. ಆ ಕುರ್ಚಿಯಲ್ಲಿ ಕುಳಿತಾಗಲೂ ಅವರು ಒಂದು ದಾವೆಯ ಪ್ರತಿವಾದಿ! ಸಂಗತಿ ಮಹಾಡದ ಚವದಾರ ಕೆರೆಯದು. ಕೆರೆ ಎಲ್ಲರಿಗೂ ಮುಕ್ತವೆಂದು ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು ಹೋಗಿ ಅದರ ನೀರು ಕುಡಿದರು. ಸವರ್ಣೀಯರು ಕೋರ್ಟಿಗೆ ಹೋಗಿ ಡಿಸೆಂಬರಿನಲ್ಲಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಅದೇ ತಿಂಗಳು ಮತ್ತೆ ಸೇರಿದ ಜನಕ್ಕೆ ಆಜ್ಞೆ ಮುರಿಯುವ ಹುರುಪಿತ್ತು, ತಡೆದವರು ಅಂಬೇಡ್ಕರರೇ. ಬಾಯಾರಿದ ಜನಕ್ಕೆ ಹಾಗೆ ಹೇಳುವುದು ಎಷ್ಟು ಕಠಿಣವಾಗಿದ್ದಿರಬೇಕು!

ದಾವೆ ಸುಮಾರು ಹತ್ತು ವರ್ಷ ಎಳೆಯಿತು. ಅಸ್ಪೃಶ್ಯರು ಈ ನೀರು ಮುಟ್ಟದಿರುವುದು ಅನಾದಿ ಕಾಲದ ರೂಢಿ ಎಂಬುದು ವಾದಿಗಳ ಮಾತು. ರೂಢಿಗೂ ಕಾಯ್ದೆಯ ಬಲ ಬರುವುದುಂಟು. ಆದರೆ ಅನಾದಿ ಎಂದು ಹೇಳಿದರೆ ಸಾಲದು, ಸಾಬೀತು ಮಾಡಬೇಕು. ಪ್ರಯೋಗಶಾಲೆಯಲ್ಲಿ ಹೇಗೋ ಕೋರ್ಟಿನಲ್ಲೂ ಹಾಗೆಯೇ: ‘ಮೊದಲಿನಿಂದ ಹೀಗೇ ಇದೆ’ ಎಂಬುದು ಪುರಾವೆಯಲ್ಲ. ವಾದಿಗಳಿಂದ ಅದು ಆಗಲಿಲ್ಲ. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಅವರ ಅಪೀಲನ್ನು ವಜಾ ಮಾಡಿತು. ತೀರ್ಪಿತ್ತ ಬ್ರೂಮ್‌ಫೀಲ್ಡ್ ಎಂದರೆ 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಸಜೆ ವಿಧಿಸಿದ್ದ ಅದೇ ನ್ಯಾಯಾಧೀಶರು.

ಅದರ ಹಿಂದಿನ ವರ್ಷ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲವು ಪ್ರಿನ್ಸಿಪಾಲರನ್ನು ಭಾಷಣಕ್ಕೆ ಕರೆದು, ಬರಹ ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿತ್ತು. ಜಾತಿ ವಿನಾಶದ ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ತೀರ್ಪು ಬರುವ ಹೊತ್ತಿಗೆ ಅದು ಜನರ ಕೈಯಲ್ಲಿತ್ತು.