ಆರ್ಲಿಂಗ್ಟನ್ ಗುಡ್ಡದ ದಾವೆ

ಮನೆಯೊಂದರ ಗುಲಾಬಿ ತೋಟಕ್ಕೆ ಗೋರಿಗಳ ಅಂಚು ಕಟ್ಟಿರುವುದನ್ನು ಎಲ್ಲಾದರೂ ಕಂಡಿದ್ದೀರಾ? ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ನದಿ ದಾಟಿ, ಮೆಟ್ರೋ ಇಳಿದು, ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದ ಏರು ಹತ್ತಿದರೆ ಗುಡ್ಡದ ನೆತ್ತಿಯಲ್ಲಿ ಎಂಟು ದಪ್ಪ ಕಂಬಗಳ ಹಳೆಯ ಮನೆಯೊಂದು ಎದುರಾಗುತ್ತದೆ. ಅದರ ಮಗ್ಗುಲಿನ ಹೂದೋಟದ ಅಂಚಿಗೇ ಸೇನಾಧಿಕಾರಿಗಳನ್ನು ಹೂತಿದ್ದಾರೆ. ಕೆನಡಿ ಸಮಾಧಿಯ ಆರದ ಜ್ಯೋತಿಗೆ ಬಂದವರಲ್ಲಿ ಹಲವರು ಕೆಳಗಿನಿಂದಲೇ ಹಿಂದಿರುಗುತ್ತಾರೆ. ನಾನು ಬಂದದ್ದು ಈ ಮನೆಗಾಗಿ. ತನ್ನ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂದು ಪಟ್ಟುಹಿಡಿದ ಅಮೆರಿಕ ಸರ್ಕಾರ ಸೋತದ್ದು ಈ ಜಮೀನಿನ ವ್ಯಾಜ್ಯದಲ್ಲಿ.

ಮನೆ ಕಟ್ಟಿಸಿದವನು ಜಾರ್ಜ್ ವಾಷಿಂಗ್ಟನ್ನರ ಸಾಕು ಮೊಮ್ಮಗ ಕಸ್ಟಿಸ್. ಕಟ್ಟಿದವರು ಅವನ ಗುಲಾಮರು. ಮನೆ ಮಗಳಿಗೆ ಬಂತು, ಅವಳ ಗಂಡ ರಾಬರ್ಟ್ ಲೀ. 1861ರಲ್ಲಿ ಅಂತರ್ಯುದ್ಧ ಶುರುವಾಗುತ್ತಲೇ ಲೀ ದಕ್ಷಿಣದ ಪಕ್ಷ ಸೇರಿದ. ಉತ್ತರದ ಸೇನೆ ಗುಡ್ಡ ಹಿಡಿಯಿತು. ಆಮೇಲೆ ಬಂತು ಕಂದಾಯದ ಕಥೆ. ಬಾಕಿ ಇದ್ದದ್ದು 92 ಡಾಲರ್ 7 ಸೆಂಟ್. ಶ್ರೀಮತಿ ಲೀ ಸಂಬಂಧಿಕನ ಕೈಲಿ ದುಡ್ಡು ಕಳಿಸಿದಳು. ಯಜಮಾನರೇ ಖುದ್ದಾಗಿ ಬಂದು ಕಟ್ಟಬೇಕು ಎಂದು ಅಧಿಕಾರಿಗಳು ವಾಪಸು ಅಟ್ಟಿದರು. ಶತ್ರು ಸೇನಾಪತಿಯ ಹೆಂಡತಿ ಯುದ್ಧದ ಗೆರೆ ದಾಟಿ ಬಂದು ಸಾಲಿನಲ್ಲಿ ನಿಲ್ಲಬೇಕಂತೆ! ಸರ್ಕಾರಿ ಕಚೇರಿಯ ಈ ರಾಗ ನಮಗೆ ಹೊಸದೇನಲ್ಲ ಬಿಡಿ. 1864ರ ಜನವರಿಯಲ್ಲಿ ಹರಾಜಾಯಿತು. 26,800 ಡಾಲರಿಗೆ ಕೊಂಡದ್ದೂ ಸರ್ಕಾರವೇ. ಅದೇ ವರ್ಷ ಇಲ್ಲಿ ಹೆಣ ಹೂಳಲು ಶುರು. ಲೀ ಕುಟುಂಬ ಮತ್ತೆ ಇಲ್ಲಿ ಒಲೆ ಹಚ್ಚಬಾರದು ಎಂದೇ ಉತ್ತರದ ಸೇನೆಯ ಜನರಲ್ ಮೀಗ್ಸ್ ಮನೆಯ ಬುಡದವರೆಗೂ ಗೋರಿ ತೋಡಿಸಿದ. ತೋಟದ ತುದಿಯಲ್ಲಿ 2,111 ಅನಾಮಿಕ ಸೈನಿಕರ ಮೂಳೆಗಳು ಒಂದೇ ಕಲ್ಲಿನಡಿ ಇವೆ. ಅದರ ಮುಂದೆ ನಿಂತಾಗ ನನಗೆ ಮೀಗ್ಸನ ಸಿಟ್ಟೂ ಅರ್ಥವಾಯಿತು.

1877ರಲ್ಲಿ ಲೀಯ ಹಿರಿಮಗ ಕಸ್ಟಿಸ್ ಲೀ, ಜಮೀನು ಬಿಡಿಸಿಕೊಡಿ ಎಂದು ಕೋರ್ಟಿಗೆ ಹೋದ. ಆದರೆ ಸರ್ಕಾರದ ಒಪ್ಪಿಗೆಯಿಲ್ಲದೆ ಸರ್ಕಾರವನ್ನು ಕೋರ್ಟಿಗೆ ಎಳೆಯುವಂತಿರಲಿಲ್ಲ. ಅರಸನ ಮೇಲೆ ಅರಸನ ಕಟ್ಟೆಯಲ್ಲೇ ದೂರು ಕೊಡುವುದುಂಟೇ ಎನ್ನುವ ಇಂಗ್ಲೆಂಡಿನ ಹಳೆಯ ತತ್ವವನ್ನು, ಅರಸನನ್ನೇ ಒದ್ದೋಡಿಸಿದ ಈ ದೇಶವೂ ಜೋಪಾನವಾಗಿ ಇಟ್ಟುಕೊಂಡಿತ್ತು. ಹಾಗಾಗಿ ದಾವೆ ಹೂಡಿದ್ದು ಕಾಫ್‌ಮನ್ ಮತ್ತು ಸ್ಟ್ರಾಂಗ್ ಎಂಬಿಬ್ಬರ ಮೇಲೆ. ಒಬ್ಬ ಸ್ಮಶಾನದ ಉಸ್ತುವಾರಿ, ಇನ್ನೊಬ್ಬ ಪಕ್ಕದ ಸೇನಾ ಠಾಣ್ಯದವ. ಅವರು ಮಾಡುತ್ತಿದ್ದದ್ದು ಮೇಲಿನವರು ಹೇಳಿದ ನೌಕರಿ, ಅಷ್ಟೇ. ಅಟಾರ್ನಿ ಜನರಲ್ ಓಡಿಬಂದು, ಇದು ನಿಜಕ್ಕೂ ಸರ್ಕಾರದ ಮೇಲಿನ ದಾವೆ, ವಿಚಾರಿಸುವ ಅಧಿಕಾರವೇ ನಿಮಗಿಲ್ಲ ಎಂದ. ಕೋರ್ಟು ಒಪ್ಪಲಿಲ್ಲ, ಪಂಚರು ಲೀಯ ಕಡೆಗೇ ನಿಂತರು.

ಮನೆಯ ಮುಂದಿನ ಹುಲ್ಲಿನ ಇಳಿಜಾರಿನಿಂದ ನೋಡಿದರೆ ನದಿಯಾಚೆ ಸಂಸತ್ ಭವನವಾದ ಕ್ಯಾಪಿಟಲ್ಲಿನ ಬಿಳಿ ಗುಮ್ಮಟ ಕಾಣುತ್ತದೆ. ಆಗ ಸುಪ್ರೀಂ ಕೋರ್ಟ್ ಕೂರುತ್ತಿದ್ದುದು ಅದೇ ಕಟ್ಟಡದಲ್ಲಿ. ಸರ್ಕಾರ ಅಲ್ಲಿಗೆ ಮೇಲ್ಮನವಿ ಹೋಗಿತ್ತು. 1882ರ ಡಿಸೆಂಬರ್‌ನಲ್ಲಿ ಅಲ್ಲಿಂದ ತೀರ್ಪು ಬಂತು: ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಪರಿಹಾರ ಕೊಡದೆ ಖಾಸಗಿ ಆಸ್ತಿ ಕಸಿಯಲು ಸಂವಿಧಾನವೇ ಬಿಡದಿರುವಾಗ, ಸರ್ಕಾರದ ಅಪ್ಪಣೆ ತೋರಿಸಿ ಅಧಿಕಾರಿ ಪಾರಾಗಲಾರ ಎಂದರು ನ್ಯಾಯಮೂರ್ತಿ ಮಿಲ್ಲರ್. ಅವರನ್ನು ನ್ಯಾಯಪೀಠಕ್ಕೆ ನೇಮಿಸಿದ್ದು ಅಬ್ರಹಾಂ ಲಿಂಕನ್. ಗೆದ್ದ ಕಸ್ಟಿಸ್ ಲೀಯಾದರೋ ತಾನೂ ಲಿಂಕನ್ನರ ವಿರುದ್ಧ ಕತ್ತಿ ಹಿಡಿದ ದಕ್ಷಿಣದ ಜನರಲ್. ನಾನು ಗುಮ್ಮಟವನ್ನೊಮ್ಮೆ, ಗೋರಿಗಳನ್ನೊಮ್ಮೆ ನೋಡುತ್ತ ಬೆರಗಾಗಿ ನಿಂತೆ. ತನ್ನ ಸೈನಿಕರ ಗೋರಿಗಳಿರುವ ನೆಲವನ್ನೇ ಶತ್ರುವಿನ ಮಗನಿಗೆ ಕೊಡಿಸುವ ಕೋರ್ಟು! ಆದರೆ 1982ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಇದೇ ಸುಪ್ರೀಂ ಕೋರ್ಟ್ ಹುದ್ದೆಯ ಕೆಲಸಗಳ ಮಟ್ಟಿಗೆ ಅಧ್ಯಕ್ಷರ ಮೇಲೆ ನಷ್ಟಪರಿಹಾರದ ದಾವೆ ನಿಲ್ಲದೆಂದಿತು. 2024ರಲ್ಲಿ ಕ್ರಿಮಿನಲ್ ಮೊಕದ್ದಮೆಗೂ ದೊಡ್ಡ ಮಟ್ಟಿನ ರಕ್ಷಣೆ ಕೊಟ್ಟಿತು. ಕಾಫ್‌ಮನ್ನನ ದರ್ಜೆಯ ನೌಕರನಿಗಿಲ್ಲದ ಕವಚ ಮೇಲಿನವನಿಗೆ ದಕ್ಕಿತು ಎನ್ನದೆ ಇರಲಾರೆ.

ಗೋರಿಗಳನ್ನು ಅಗೆದು ಸಾಗಿಸುವುದು ಯಾರಿಗೂ ಬೇಕಿರಲಿಲ್ಲ. 1883ರಲ್ಲಿ ಸರ್ಕಾರ 1,50,000 ಡಾಲರ್ ಕೊಟ್ಟು ಗುಡ್ಡವನ್ನು ಎರಡನೆಯ ಸಲ, ಈಗ ನ್ಯಾಯವಾಗಿ, ಕೊಂಡಿತು. ಆಗ ಯುದ್ಧ ಖಾತೆಯ ಮಂತ್ರಿ ಲಿಂಕನ್ನರ ಮಗ ರಾಬರ್ಟ್. ಲೀಯ ಮಗ ಬರೆದುಕೊಟ್ಟ ಕ್ರಯಪತ್ರವನ್ನು ಪಡೆದವನು ಅವನೇ.

ಆದರೆ ಗುಡ್ಡದ ಎಲ್ಲರಿಗೂ ಆ ಕೋರ್ಟಿನ ಬಾಗಿಲು ಇರಲಿಲ್ಲ. ಮರಾಯಾ ಸೈಫ್ಯಾಕ್ಸ್ ಇಲ್ಲಿ ಗುಲಾಮಳಾಗಿದ್ದವಳು. ಮನೆ ಕಟ್ಟಿಸಿದ ಕಸ್ಟಿಸನಿಗೆ ಗುಲಾಮ ಹೆಣ್ಣೊಬ್ಬಳಲ್ಲಿ ಹುಟ್ಟಿದ ಮಗಳು ಎಂಬುದು ಎಲ್ಲರೂ ಬಲ್ಲ ಸಂಗತಿ. ಅವನು ಅವಳಿಗೆ ಸುಮಾರು 17 ಎಕರೆ ಕೊಟ್ಟಿದ್ದ, ಕಾಗದ ಮಾಡಿಕೊಟ್ಟಿರಲಿಲ್ಲ. ಸರ್ಕಾರ ಎಸ್ಟೇಟಿನ ಜೊತೆ ಅದನ್ನೂ ನುಂಗಿತು. ಹಕ್ಕುಪತ್ರವಿಲ್ಲದೆ ಅವಳು ಕಾಫ್‌ಮನ್ನನಂಥ ಯಾರ ಮೇಲೆ ತಾನೇ ದಾವೆ ಹೂಡಿಯಾಳು? ಅವಳ ಮನೆಯವರು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಮೊರೆಯಿಟ್ಟರು. ಅವಳೊಬ್ಬಳ ಹೆಸರಿಗೇ ಕಾಯ್ದೆಯಾಗಿ ಆ 17 ಎಕರೆ ಅವಳಿಗೆ ಮರಳಿದ್ದು 1866ರಲ್ಲಿ, ಲೀ ಗೆಲ್ಲುವುದಕ್ಕೆ 16 ವರ್ಷ ಮೊದಲೇ.