ಟಕ್ಕೆಂಬ ಸದ್ದು

ಮನೆಯ ಗಣಕಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡು ಬಂದ ದಿನ ಎಲ್ಲರ ಕಣ್ಣೂ ಅದರ ಮೇಲೆಯೇ. ಅದರ ಬೆಲೆಯೇನು, ಠೀವಿಯೇನು, ಮೂರು ಬೀಸಣಿಗೆಗಳ ವೈಭವವೇನು! ಮಗರಾಯನ ವರ್ಣನೆಗೆ ಕೊನೆಯೆಂಬುದಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತು ಅದಕ್ಕೆ ಅನ್ನವಿಕ್ಕಬೇಕಾದ ಪವರ್ ಸಪ್ಲೈಯನ್ನು ಮಾತ್ರ ಕೇಳುವವರಿಲ್ಲ. ಅಡುಗೆಮನೆಯಲ್ಲಿ ವಿಚಾರಿಸದೆ ಅತಿಥಿಗಳನ್ನು ಊಟಕ್ಕೆ ಕರೆತರುವುದು ಗೃಹಸ್ಥರ ಹಳೆಯ ಚಾಳಿಯಷ್ಟೆ.

ಈ ಅತಿಥಿಯ ಹಸಿವಾದರೋ ಸಾಮಾನ್ಯವಲ್ಲ. ಮದರ್‌ಬೋರ್ಡಿನ ಸೀಳಿನಿಂದ ಅದಕ್ಕೆ ದೊರೆಯುವುದು 75 ವ್ಯಾಟ್ ಮಾತ್ರ. ಮಿಕ್ಕುದು ತಂತಿಯ ಮೂಲಕ ಬರಬೇಕು: ಆರು ಪಿನ್ನಿನ ಕೊಂಡಿಗೆ 75 ವ್ಯಾಟ್, ಎಂಟು ಪಿನ್ನಿನದಕ್ಕೆ 150. ಈಚಿನ ಹದಿನಾರು ಪಿನ್ನಿನ ಕೊಂಡಿಯ ಮೇಲೆ ಹೊರಿಸಿರುವ ಭಾರ 600 ವ್ಯಾಟ್. ಅಡುಗೆಮನೆಯ ಮಿಕ್ಸಿಯೂ ಅಷ್ಟನ್ನು ಬೇಡುವುದುಂಟು. ಆದರೆ ಅದು 230 ವೋಲ್ಟಿನಲ್ಲಿ ಮೂರು ಆಂಪಿಯರಿಗೂ ಕಡಮೆ ಪ್ರವಾಹದಿಂದ ತೃಪ್ತಿಹೊಂದುತ್ತದೆ. ಕಾರ್ಡಿಗೆ ಸಿಕ್ಕುವುದು 12 ವೋಲ್ಟ್. ಅಷ್ಟೇ ಶಕ್ತಿಗೆ 50 ಆಂಪಿಯರ್ ಹರಿಯಬೇಕು. ಆರು ಸಣ್ಣ ಪಿನ್ನುಗಳು ಅದನ್ನು ಹಂಚಿಕೊಂಡು ಹೊರಬೇಕು. ಕೊಂಡಿ ಅರೆಬರೆ ಕೂತಿದ್ದರೆ ಕೆಲವು ಪಿನ್ನುಗಳು ಹೊಣೆಯಿಂದ ಜಾರಿಕೊಳ್ಳುತ್ತವೆ. ಉಳಿದವುಗಳ ಪಾಲು ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುತ್ತದೆ. ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರ ಅಕ್ಟೋಬರಿನಲ್ಲಿ ಎನ್ವಿಡಿಯಾ ಕಂಪೆನಿಯ ಆರ್‌ಟಿಎಕ್ಸ್ 4090 ಎಂಬ, 450 ವ್ಯಾಟ್ ನುಂಗುವ ಕಾರ್ಡು ಹೊರಬಂದಿತು. ತಿಂಗಳು ಮುಗಿಯುವ ಮುನ್ನವೇ ಕರಗಿದ ಕೊಂಡಿಗಳ ಚಿತ್ರಗಳು ಕಾಣಿಸಿಕೊಂಡವು. ಸುಮಾರು 50 ಪ್ರಕರಣಗಳು ತಿಳಿದುಬಂದಿವೆಯೆಂದೂ, ಕೊಂಡಿಯನ್ನು ಪೂರ್ತಿ ಒತ್ತದಿರುವುದು ಅವುಗಳಲ್ಲಿ ಕಂಡ ಸಾಮಾನ್ಯ ದೋಷವೆಂದೂ ಕಂಪೆನಿಯು ನವೆಂಬರಿನಲ್ಲಿ ಹೇಳಿತು. ತಪ್ಪನ್ನೆಲ್ಲ ಕೊಂಡವನ ಕೈಗೆ ಕಟ್ಟುವುದು ನ್ಯಾಯವಲ್ಲ. 2023ರಲ್ಲಿ ಕೊಂಡಿಯನ್ನೇ ತಿದ್ದಿ, ಅದು ಪೂರ್ತಿ ಕೂರದ ಹೊರತು ಹೆಚ್ಚಿನ ಶಕ್ತಿ ದೊರೆಯದಂತೆ ಸೂಚನೆಯ ಪಿನ್ನುಗಳನ್ನು ಗಿಡ್ಡ ಮಾಡಲಾಯಿತು. ಅನಂತರವೂ, 2025ರಲ್ಲಿ, ಕರಗಿದ ಸುದ್ದಿ ಬಂದುದುಂಟು. ಹುಡುಗರು ಮಲಗುವ ಕೋಣೆಯಲ್ಲೇ ನಿಂತಿರುವ ಯಂತ್ರವಿದು, ಮರೆಯಲಾಗದು.

ಇದಕ್ಕಿಂತಲೂ ಮೋಸದ ಸಂಗತಿ ಇನ್ನೊಂದಿದೆ. ಪವರ್ ಸಪ್ಲೈಯಿಂದ ಕಳಚಿ ತೆಗೆಯಬಹುದಾದ ತಂತಿಗಳು ನೋಡಲು ಒಂದೇ ತೆರನಾಗಿದ್ದರೂ, ಅವು ಪವರ್ ಸಪ್ಲೈಗೆ ಸೇರುವ ತುದಿಯಲ್ಲಿ ಧನ ಋಣಗಳ ಜೋಡಣೆ ಒಬ್ಬೊಬ್ಬ ತಯಾರಕನದು ಒಂದೊಂದು ಬಗೆ. ಹಳೆಯದರ ತಂತಿ ಹೊಸದಕ್ಕೆ ಸಲೀಸಾಗಿ ಕೂತೀತು; ಜಾತಕ ನೋಡದೆ ಮೂಗು ಕಣ್ಣು ನೋಡಿ ಬೆಳೆಸಿದ ಸಂಬಂಧದಂತೆ, ಗುಂಡಿ ಒತ್ತಿದ ಗಳಿಗೆಯಲ್ಲಿ ಕಾರ್ಡು ಸುಟ್ಟುಹೋದೀತು. ಪ್ರೊಸೆಸರಿಗೆ ಹೋಗುವ ತಂತಿಗೂ ಎಂಟೇ ಪಿನ್ನು. ಆದರೆ ಅದರಲ್ಲಿ ಧನವಿರಬೇಕಾದೆಡೆ ಋಣ. ಅದನ್ನು ಬಲವಂತವಾಗಿ ತುರುಕುವ ವೀರರೂ ಇದ್ದಾರೆ.

ಆದುದರಿಂದ ಗೋಡೆಯ ಪ್ಲಗ್ಗನ್ನು ಕಿತ್ತ ಮೇಲೆಯೇ ಪೆಟ್ಟಿಗೆಗೆ ಕೈಹಾಕಬೇಕು. ಪವರ್ ಸಪ್ಲೈಯೊಡನೆ ಬಂದ ತಂತಿಯನ್ನೇ ಹಿಡಿದು, ಓರೆಯಾಗದಂತೆ ನೇರವಾಗಿ, ಟಕ್ಕೆಂಬ ಸದ್ದು ಬರುವ ತನಕ ಒತ್ತಿ, ಸಂದು ಕಾಣದಾದ ಮೇಲೂ ಮೆಲ್ಲನೆ ಒಮ್ಮೆ ಎಳೆದುನೋಡಬೇಕು. ಕೊಂಡಿಯ ಬುಡದಲ್ಲಿ ತಂತಿಯನ್ನು ಬಗ್ಗಿಸದೆ ಸುಮಾರು 35 ಮಿಲಿಮೀಟರು ನೇರ ಬಿಡಬೇಕು. ಪೆಟ್ಟಿಗೆಯ ಪಕ್ಕದ ಗಾಜು ಅದನ್ನು ಒತ್ತುತ್ತಿದ್ದರೆ ಗಾಜನ್ನೇ ತೆಗೆದಿಡುವುದು ಲೇಸು. ನೆರೆಮನೆಯ ಹುಡುಗರು ಒಳಗಿನ ಬಣ್ಣದ ದೀಪಗಳನ್ನು ಹಾಗೆಯೇ ನೋಡಿಕೊಂಡು ಹೋಗಲಿ.